ಕಾರ್ಬೆವ್ಯಾಕ್ಸ್ ಲಸಿಕೆ: ಒಳಗಿರುವ ಆ 22 ಅಕ್ಷರಕ್ಕೆ ನನ್ನ ಪೂರ್ತಿ ಅಂಕ

ಲಸಿಕೆಗೂ ವಿಮರ್ಶೆ ಬರೀತಾರಾ ಅಂತ ನಮ್ಮನೆಯವರು ಕೇಳಿದರು. ಮಿಕ್ಸಿಗೆ ಬರೀತಾರೆ, ಹೋಟೆಲಿನ ದೋಸೆಗೆ ಬರೀತಾರೆ, ಆನ್‌ಲೈನ್‌ನಲ್ಲಿ ತರಿಸಿದ ಚಪ್ಪಲಿಗೂ ಬರೀತಾರೆ. ನನ್ನ ಮಗಳ ತೋಳಿನೊಳಗೆ ಹೋದದ್ದಕ್ಕೆ ಯಾಕೆ ಬರೆಯಬಾರದು? ಕೆಲವು ವರ್ಷದಿಂದ ಇದು ಮನಸ್ಸಿನಲ್ಲೇ ಕೂತಿದೆ. ಈಗ ಬರೆದುಬಿಡುತ್ತೇನೆ.

ಮೊದಲು ನಾನು ಯಾರು ಅಂತ ಹೇಳಬೇಕು. ತಿಪಟೂರಿನ ಒಂದು ಲ್ಯಾಬ್‌ನಲ್ಲಿ 19 ವರ್ಷದಿಂದ ಟೆಕ್ನಿಷಿಯನ್. ಡಾಕ್ಟರ್ ಅಲ್ಲ. ಬೆಳಗ್ಗೆ ಏಳೂವರೆಗೆ ಖಾಲಿ ಹೊಟ್ಟೆಯಲ್ಲಿ ಬರುವ ಶುಗರ್‌ನವರಿಂದ ಶುರು. ಸಂಜೆಯವರೆಗೆ ರಕ್ತ ತೆಗೆಯುವುದು, ಸ್ಲೈಡ್ ಎಳೆಯುವುದು, ಎಣಿಸುವುದು. ಎಣಿಸುವ ಮೆಷಿನ್ ಬಂದು ಎಷ್ಟೋ ವರ್ಷ ಆಯಿತು. ಆದರೂ ರಿಪೋರ್ಟ್ ಸ್ವಲ್ಪ ಹೆಚ್ಚುಕಮ್ಮಿ ಕಂಡರೆ ನಾನು ಸ್ಲೈಡ್ ನೋಡದೆ ಸಹಿ ಹಾಕುವುದಿಲ್ಲ. ಹಾಗಾಗಿ ಬಿಳಿ ರಕ್ತಕಣ ಅಂದರೆ ನನಗೆ ಪುಸ್ತಕದ ಚಿತ್ರ ಅಲ್ಲ. ದಿನಾ ನೋಡುವ ಮುಖ.

ಕಾರ್ಬೆವ್ಯಾಕ್ಸ್ ಹೈದರಾಬಾದಿನ ಬಯಾಲಾಜಿಕಲ್ ಇ ಕಂಪನಿಯ ಕೋವಿಡ್ ಲಸಿಕೆ. 2022ರ ಮಾರ್ಚ್ 16ರಿಂದ ದೇಶದಲ್ಲಿ 12ರಿಂದ 14 ವರ್ಷದ ಮಕ್ಕಳಿಗೆ ಇದನ್ನೇ ಹಾಕಿದರು. ನಮ್ಮ ಪುಟ್ಟಿಗೆ ಆಗ ತಾನೇ 12 ತುಂಬಿತ್ತು, ಏಳನೇ ಕ್ಲಾಸ್. ಮೊದಲ ಡೋಸ್ ಶಾಲೆಯಲ್ಲೇ ಆಯಿತು. ತೋಳಿನ ಸ್ನಾಯುವಿಗೆ ಅರ್ಧ ಎಂಎಲ್. ಎರಡನೆಯದು 28 ದಿನ ಬಿಟ್ಟು. ಅಷ್ಟರಲ್ಲಿ ಬೇಸಿಗೆ ರಜ ಬಂದಿತ್ತು, ಸರ್ಕಾರಿ ಆಸ್ಪತ್ರೆಗೆ ನಾನೇ ಕರೆದುಕೊಂಡು ಹೋದೆ. ಎರಡಕ್ಕೂ ಒಂದು ಪೈಸೆ ಕೊಡಲಿಲ್ಲ. ಅದೇ ವರ್ಷ ಆಗಸ್ಟ್‌ನಲ್ಲಿ, ಕೋವಿಶೀಲ್ಡ್ ಎರಡು ಡೋಸ್ ಆದ ದೊಡ್ಡವರಿಗೂ ಇದನ್ನು ಮುನ್ನೆಚ್ಚರಿಕೆ ಡೋಸ್ ಆಗಿ ಕೊಡಲು ಶುರು ಮಾಡಿದಾಗ, ನಮ್ಮನೆಯವರೂ ಹಾಕಿಸಿಕೊಂಡರು. ಅಂದರೆ ಒಂದೇ ಮನೆಯಲ್ಲಿ ಮೂರು ಡೋಸಿನ ಅನುಭವ ಇದೆ.

ಪುಟ್ಟಿಯ ಶಾಲೆಯಲ್ಲಿ ಲಸಿಕೆ ಹಾಕುವ ಹಿಂದಿನ ರಾತ್ರಿ ಪೋಷಕರ ವಾಟ್ಸಾಪ್ ಗುಂಪಿಗೆ ಒಂದು ಮೆಸೇಜ್ ಬಂತು. ಈ ಲಸಿಕೆಯಲ್ಲಿ ಬ್ಯಾಕ್ಟೀರಿಯಾದ ಡಿಎನ್‌ಎ ಇದೆ, ಅದು ಮಕ್ಕಳ ಡಿಎನ್‌ಎ ಜೊತೆ ಸೇರಿಕೊಳ್ಳುತ್ತದೆ, ಹುಷಾರು ಅಂತ. ನಮ್ಮತ್ತೆ ಅದನ್ನು ಎರಡು ಸಲ ಓದಿಸಿಕೊಂಡರು.

"ಹೌದೇನಮ್ಮಾ? ನೀನೇ ಲ್ಯಾಬ್‌ನಲ್ಲಿ ಇರೋಳು. ನೋಡಿ ಹೇಳು. ಮಗೂನ ಕಳಿಸೋದೋ ಬೇಡವೋ?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಸುಳ್ಳು ಬಿಡಿ ಅತ್ತೆ ಅಂತ ಸುಮ್ನೆ ಹೇಳಿಬಿಡಬಹುದಿತ್ತು. ಮನಸ್ಸು ಒಪ್ಪಲಿಲ್ಲ. ಪಾತ್ರೆ ತೊಳೆದಿಟ್ಟು ಓದಲು ಕೂತೆ. ಮಲಗುವಾಗ ಒಂದು ಗಂಟೆ ದಾಟಿತ್ತು. ಬೆಳಗ್ಗೆ ಅತ್ತೆಗೆ ಹೇಳಿದ್ದು ಇಷ್ಟು: "ಆ ಮೆಸೇಜ್‌ನಲ್ಲಿ ಒಂದು ಕಾಳಷ್ಟು ನಿಜ ಇದೆ ಅತ್ತೆ. ಆದರೆ ಆ ಕಾಳಷ್ಟು ನಿಜ ಒಳ್ಳೇದೇ. ಕಳಿಸೋಣ."

ಆ ಕಾಳಷ್ಟು ನಿಜ ಏನು ಅನ್ನುವುದೇ ಈ ವಿಮರ್ಶೆ.

ಈ ಲಸಿಕೆಯಲ್ಲಿ ಮುಖ್ಯವಾಗಿ ಮೂರು ವಸ್ತು ಇವೆ. ಒಂದು, ಕೊರೊನಾ ವೈರಸ್ಸಿನ ಮೈಮೇಲಿನ ಮುಳ್ಳಿನ ಒಂದು ತುಣುಕು, 25 ಮೈಕ್ರೋಗ್ರಾಂ. ನಮ್ಮ ಜೀವಕೋಶವನ್ನು ಹಿಡಿದುಕೊಳ್ಳುವುದು ಆ ತುಣುಕೇ. ಅದನ್ನು ವೈರಸ್ಸಿನಿಂದ ಕಿತ್ತು ತಂದಿಲ್ಲ, ಯೀಸ್ಟ್‌ನಲ್ಲಿ ಬೆಳೆಸಿದ್ದಾರೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಪೀಟರ್ ಹೋಟೆಜ್ ಮತ್ತು ಮಾರಿಯಾ ಎಲೆನಾ ಬೊಟ್ಟಾಜಿ ಅವರ ತಂಡ ಇದನ್ನು ರೂಪಿಸಿತು. ಪೇಟೆಂಟ್ ಹಿಡಿದು ಕೂರಲಿಲ್ಲ, ಅದು ನನಗೆ ತುಂಬಾ ಇಷ್ಟವಾದ ವಿಷಯ. ಎರಡನೆಯದು ಅಲ್ಯೂಮಿನಿಯಂ ಲವಣ. ಅದು ಹಳೆಯದು, ನಾವು ಚಿಕ್ಕಂದಿನಲ್ಲಿ ಹಾಕಿಸಿಕೊಂಡ ಎಷ್ಟೋ ಲಸಿಕೆಯಲ್ಲಿ ಇದ್ದದ್ದೇ. ಮೂರನೆಯದರ ಹೆಸರು ಸಿಪಿಜಿ 1018. ಅದು 750 ಮೈಕ್ರೋಗ್ರಾಂ. ಅತ್ತೆಯ ನಿದ್ದೆ ಕೆಡಿಸಿದ್ದು ಇದು.

ಇದು ಡಿಎನ್‌ಎ ಹೌದು. ಆದರೆ ಯಾವ ಬ್ಯಾಕ್ಟೀರಿಯಾದಿಂದಲೂ ತೆಗೆದದ್ದಲ್ಲ. ರಾಸಾಯನಿಕವಾಗಿ ಒಂದೊಂದೇ ಅಕ್ಷರ ಪೋಣಿಸಿ ಮಾಡಿದ ಒಂಟಿ ಎಳೆ. ಒಟ್ಟು 22 ಅಕ್ಷರ. (ಡಿಎನ್‌ಎ ಎಳೆಯಲ್ಲಿ ಎ, ಟಿ, ಜಿ, ಸಿ ಅನ್ನುವ ನಾಲ್ಕು ಬಗೆಯ ತುಂಡು ಇರುತ್ತವೆ, ಅವಕ್ಕೇ ಅಕ್ಷರ ಅನ್ನುತ್ತಿದ್ದೇನೆ.) ನಾನು ಅದನ್ನು ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದುಕೊಂಡಿದ್ದೆ. ಇಲ್ಲೂ ಬರೆಯುತ್ತೇನೆ, ಮುಚ್ಚಿಡುವಂಥದ್ದು ಏನೂ ಇಲ್ಲ:

ಟಿ ಜಿ ಎ ಸಿ ಟಿ ಜಿ ಟಿ ಜಿ ಎ ಎ ಸಿ ಜಿ ಟಿ ಟಿ ಸಿ ಜಿ ಎ ಜಿ ಎ ಟಿ ಜಿ ಎ.

ಇಷ್ಟೇ. ನಮ್ಮ ಡಿಎನ್‌ಎ ಸುಮಾರು 300 ಕೋಟಿ ಅಕ್ಷರದ್ದು. ಈ 22ರಲ್ಲಿ ಒಂದು ಜೀನ್ ಇಲ್ಲ, ಒಂದು ಪ್ರೋಟೀನ್ ಮಾಡುವ ಸೂಚನೆ ಇಲ್ಲ. ಇದರಿಂದ ಏನನ್ನೂ ಕಟ್ಟಲು ಆಗುವುದಿಲ್ಲ. ಹಾಗಾದರೆ ಯಾಕೆ ಹಾಕಿದ್ದಾರೆ? ಮೇಲಿನ ಸಾಲನ್ನು ಇನ್ನೊಂದು ಸಲ ನೋಡಿ. ಮಧ್ಯದಲ್ಲಿ "ಸಿ ಜಿ" ಅಂತ ಪಕ್ಕಪಕ್ಕದಲ್ಲಿ ಎರಡು ಕಡೆ ಬರುತ್ತದೆ. ಪುಟ್ಟಿ ಅದಕ್ಕೆ ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು. ಕೆಲಸ ಮಾಡುವುದೆಲ್ಲ ಆ ಎರಡು ಜೋಡಿ.

ಇದನ್ನು ನಾನು ಅತ್ತೆಗೆ ಹೇಗೆ ಹೇಳಿದೆ ಅಂದರೆ, ಅಕ್ಷರದ ತಲೆಕಟ್ಟು ನೆನಪು ಮಾಡಿ ಹೇಳಿದೆ. ಕನ್ನಡ ಬರೆಯುವಾಗ 'ಕ'ಕ್ಕೆ ತಲೆಕಟ್ಟು ಬಿಟ್ಟರೆ ಒಂದನೇ ಕ್ಲಾಸಿನ ಮೇಷ್ಟ್ರ ಕಣ್ಣಿಗೆ ತಕ್ಷಣ ಬೀಳುತ್ತದೆ ಅಲ್ವಾ? ನಮ್ಮ ದೇಹವೂ ಡಿಎನ್‌ಎ ಬರೆಯುವಾಗ ಹಾಗೇ. ಸಿ ಆದಮೇಲೆ ಜಿ ಬಂದರೆ, ಆ ಸಿ ಮೇಲೆ ಸಾಮಾನ್ಯವಾಗಿ ಒಂದು ಸಣ್ಣ ರಾಸಾಯನಿಕ ತಲೆಕಟ್ಟು ಇರುತ್ತದೆ. ಮೀಥೈಲ್ ಅಂತ ಅದರ ಹೆಸರು. ನಮ್ಮಲ್ಲಿ ಇಂಥ ನೂರು ಜೋಡಿಯಲ್ಲಿ 70ರಿಂದ 80ಕ್ಕೆ ತಲೆಕಟ್ಟು ಇದೆ. ಅದೂ ಅಲ್ಲದೆ ನಮ್ಮ ಡಿಎನ್‌ಎಯಲ್ಲಿ ಸಿಜಿ ಜೋಡಿಯೇ ಕಮ್ಮಿ. ಲೆಕ್ಕದ ಪ್ರಕಾರ ಎಷ್ಟು ಇರಬೇಕೋ ಅದರ ಐದನೇ ಒಂದು ಭಾಗ ಮಾತ್ರ. ಬ್ಯಾಕ್ಟೀರಿಯಾ ಹಾಗಲ್ಲ. ಅದರ ಬರವಣಿಗೆಯಲ್ಲಿ ಸಿಜಿ ಧಾರಾಳವಾಗಿ ಬರುತ್ತದೆ, ಆ ಜಾಗದಲ್ಲಿ ತಲೆಕಟ್ಟೂ ಇರುವುದಿಲ್ಲ. ನಮ್ಮ ಕೆಲವು ಬಿಳಿ ರಕ್ತಕಣಗಳು ಆ ಮೇಷ್ಟ್ರ ಹಾಗೆ. ತಲೆಕಟ್ಟಿಲ್ಲದ ಸಿಜಿ ಕಂಡರೆ ಇದು ಮನೆಯವರ ಅಕ್ಷರ ಅಲ್ಲ ಅಂತ ಗೊತ್ತು ಮಾಡಿಕೊಳ್ಳುತ್ತವೆ.

ಅತ್ತೆ ಓದಿದ್ದು ನಾಲ್ಕನೇ ಕ್ಲಾಸ್. ಅವರಿಗೆ ಇದು ನನಗಿಂತ ಬೇಗ ಅರ್ಥವಾಯಿತು. "ಕಳ್ಳ ಬಂದ ಅಂತ ಕೂಗೋಕೆ ಕಳ್ಳನೇ ಬರಬೇಕಾಗಿಲ್ಲ, ಅವನ ಚಪ್ಪಲಿ ಗುರುತು ಕಂಡರೆ ಸಾಕು" ಅಂದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುವುದಿಲ್ಲ.

ಈಗ ನನ್ನ ಕೆಲಸದ ವಿಷಯಕ್ಕೆ ಬರುತ್ತೇನೆ. ಯಾಕೆಂದರೆ ಈ ಲಸಿಕೆ ನಾನು ದಿನಾ ನೋಡುವುದನ್ನೇ ಬೇರೆ ಕಣ್ಣಿನಲ್ಲಿ ನೋಡುವ ಹಾಗೆ ಮಾಡಿತು.

ಕಾಲಿನಲ್ಲಿ ಕೀವು ತುಂಬಿದ ಬಾವು ಇರುವವರ ರಕ್ತದ ಸ್ಲೈಡ್ ಹೇಗಿರುತ್ತದೆ ಹೇಳುತ್ತೇನೆ. ಗಾಜಿನ ಮೇಲೆ ಒಂದು ಹನಿ ರಕ್ತ, ಇನ್ನೊಂದು ಗಾಜಿನಿಂದ ತೆಳ್ಳಗೆ ಎಳೆಯಬೇಕು. ಒಣಗಿದ ಮೇಲೆ ಲೀಶ್‌ಮನ್ ಸ್ಟೇನ್. ಎರಡು ನಿಮಿಷ ಬಿಟ್ಟು ಬಫರ್ ನೀರು, ಆಮೇಲೆ ಇನ್ನೊಂದು ಎಂಟು ಹತ್ತು ನಿಮಿಷ. ತೊಳೆದು ಒಣಗಿಸಿ, ಒಂದು ತೊಟ್ಟು ಎಣ್ಣೆ ಹಾಕಿ, ಲೆನ್ಸ್ ಇಳಿಸಿದರೆ ತಿಳಿಗುಲಾಬಿ ಬಣ್ಣದ ಕೆಂಪು ಕಣಗಳ ಮಧ್ಯೆ ನೇರಳೆ ಬಣ್ಣದ ನ್ಯೂಟ್ರೋಫಿಲ್ ಅನ್ನುವ ಬಿಳಿ ಕಣಗಳು. ಅವುಗಳ ನ್ಯೂಕ್ಲಿಯಸ್ ಮೂರು ನಾಲ್ಕು ಗಂಟಾಗಿ, ಒಂದಕ್ಕೊಂದು ಸಣ್ಣ ದಾರದಲ್ಲಿ ಕಟ್ಟಿದ ಹಾಗೆ ಇರುತ್ತದೆ. ಆರೋಗ್ಯವಂತರ ಸ್ಲೈಡ್‌ನಲ್ಲಿ ಇವು ಅಲ್ಲೊಂದು ಇಲ್ಲೊಂದು. ಬಾವು ಇದ್ದವರಲ್ಲಿ ಎಲ್ಲಿ ನೋಡಿದರೂ ಇವೇ. ಒಳಗಿನ ಚುಕ್ಕೆಗಳು ದಪ್ಪಗೆ, ಕಪ್ಪಾಗಿ ಕಾಣುತ್ತವೆ. ಜೊತೆಗೆ ಇನ್ನೂ ಗಂಟು ಕಟ್ಟದ, ಬಾಗಿದ ಕಡ್ಡಿಯಂಥ ನ್ಯೂಕ್ಲಿಯಸ್ಸಿನ ಎಳೆ ಕಣಗಳು. ಮೂಳೆಯ ಮಜ್ಜೆ ಇರುವವರನ್ನೆಲ್ಲ ಕಳಿಸಿ, ಸಾಲದೆ ಎಳೆಯರನ್ನೂ ಕಳಿಸಿದೆ ಅಂತ ಅರ್ಥ.

ಇಷ್ಟು ವರ್ಷ ನಾನು ನೋಡಿದ್ದು ಓಡಿ ಬಂದವರನ್ನು. ಮೊದಲು ಕೂಗಿದವರು ಯಾರು ಅಂತ ಯೋಚಿಸಿರಲಿಲ್ಲ.

ಕೂಗುವವರಲ್ಲಿ ಹಲವು ಬಗೆ ಇದ್ದಾರೆ. ಬ್ಯಾಕ್ಟೀರಿಯಾದ ಹೊರಗೋಡೆ ಗುರುತಿಸುವ ಪ್ರೋಟೀನ್ ಬೇರೆ, ಅದರ ಬಾಲ ಗುರುತಿಸುವುದು ಬೇರೆ. ಡಿಎನ್‌ಎ ಗುರುತಿಸುವ ಕೆಲಸ ಮನುಷ್ಯರಲ್ಲಿ ಮುಖ್ಯವಾಗಿ ಎರಡು ಬಗೆಯ ಬಿಳಿ ಕಣದ್ದು. ಒಂದು ಬಿ ಕಣ, ಪ್ರತಿಕಾಯ ಮಾಡುವವರ ಮನೆತನ. ಇನ್ನೊಂದಕ್ಕೆ ಪ್ಲಾಸ್ಮಾಸೈಟಾಯ್ಡ್ ಡೆಂಡ್ರಿಟಿಕ್ ಕಣ ಅಂತ ಉದ್ದ ಹೆಸರು, ಪಿಡಿಸಿ ಅಂತ ಕರೆಯುತ್ತಾರೆ. ಇವು ರಕ್ತದಲ್ಲಿ ಎಷ್ಟು ಕಮ್ಮಿ ಅಂದರೆ, ಬಿಳಿ ಕಣಗಳಲ್ಲಿ ನೂರಕ್ಕೆ ಒಂದೂ ಇಲ್ಲ. ನನ್ನ ಸ್ಟೇನ್‌ನಲ್ಲಿ ಇವನ್ನು ಬೇರೆಯಾಗಿ ಗುರುತಿಸಲು ಆಗುವುದಿಲ್ಲ. 19 ವರ್ಷದಲ್ಲಿ ನನ್ನ ಲೆನ್ಸ್ ಕೆಳಗೆ ಎಷ್ಟೋ ಸಲ ಹಾದುಹೋಗಿರಬೇಕು, ನಾನು ಲಿಂಫೋಸೈಟ್ ಅನ್ನುವ ಮಾಮೂಲಿ ಬಿಳಿ ಕಣ ಅಂತ ಎಣಿಸಿ ಮುಂದೆ ಹೋಗಿರಬೇಕು.

ಈ ಕಣಗಳು ಹೊರಗಿನದನ್ನು ಒಂದು ಸಣ್ಣ ಚೀಲದಲ್ಲಿ ಒಳಗೆ ಎಳೆದುಕೊಳ್ಳುತ್ತವೆ. ಚೀಲದ ಒಳಗೆ ನಿಧಾನಕ್ಕೆ ಹುಳಿ ಏರುತ್ತದೆ, ಹೆಚ್ಚುಕಮ್ಮಿ ಹಾಲು ಹಾಕದ ಕಾಫಿಯಷ್ಟು. ಆ ಹುಳಿಯಲ್ಲಿ ಬ್ಯಾಕ್ಟೀರಿಯಾ ಬಿಚ್ಚಿಕೊಂಡು ಅದರ ಡಿಎನ್‌ಎ ಹೊರಗೆ ಬರುತ್ತದೆ. ಚೀಲದ ಗೋಡೆಯಲ್ಲಿ ಲಾಳದ ಆಕಾರದ ಒಂದು ಪ್ರೋಟೀನ್ ಕಾದುಕೊಂಡಿರುತ್ತದೆ. ಅದರ ಹೆಸರು ಟಿಎಲ್‌ಆರ್ 9. ತಲೆಕಟ್ಟಿಲ್ಲದ ಸಿಜಿ ಸಿಕ್ಕ ಕೂಡಲೇ ಎರಡು ಲಾಳ ಜೋಡಿಯಾಗಿ ಅದನ್ನು ಹಿಡಿಯುತ್ತವೆ. ಹಿಡಿದ ಸುದ್ದಿ ಮೈಡಿ 88 ಅನ್ನುವ ಇನ್ನೊಂದು ಪ್ರೋಟೀನ್ ಮೂಲಕ ಕೈಯಿಂದ ಕೈಗೆ ದಾಟಿ, ಕಣದ ನ್ಯೂಕ್ಲಿಯಸ್ ತಲುಪುತ್ತದೆ. ಅಲ್ಲಿ ಮಲಗಿದ್ದ ಜೀನ್‌ಗಳು ಏಳುತ್ತವೆ. ಇಂಟರ್ಫೆರಾನ್, ಐಎಲ್ 6, ಟಿಎನ್‌ಎಫ್ ಅಂತ ಸಂದೇಶದ ವಸ್ತುಗಳು ಹೊರಗೆ ಬರುತ್ತವೆ. ಆ ಸಂದೇಶ ಮುಟ್ಟಿದ ಕಡೆ ರಕ್ತನಾಳ ಹಿಗ್ಗುತ್ತದೆ, ಗೋಡೆ ಸಡಿಲವಾಗುತ್ತದೆ, ನೀರು ಜಿನುಗುತ್ತದೆ, ನ್ಯೂಟ್ರೋಫಿಲ್‌ಗಳು ನುಸುಳಿ ಹೊರಗೆ ಬರುತ್ತವೆ. ನಾವು ಕಾಣುವುದು ಕೆಂಪು, ಬಿಸಿ, ಊತ, ನೋವು. ಉರಿಯೂತ ಅಂದರೆ ಇದೇ.

ಒಂದು ವಿಷಯ ನನಗೆ ಬಹಳ ಹಿಡಿಸಿತು. ಈ ಟಿಎಲ್‌ಆರ್ 9 ಕಣದ ಹೊರಮೈ ಮೇಲೆ ಯಾಕಿಲ್ಲ, ಚೀಲದೊಳಗೆ ಯಾಕೆ ಅಡಗಿದೆ? ನಮ್ಮ ದೇಹದಲ್ಲಿ ದಿನಾ ಕೋಟಿಗಟ್ಟಲೆ ಕಣ ಸಾಯುತ್ತವೆ. ಅವುಗಳ ಡಿಎನ್‌ಎ ಚೂರುಗಳು ರಕ್ತದಲ್ಲಿ ಓಡಾಡುತ್ತಲೇ ಇರುತ್ತವೆ. ಹೊರಗಿದ್ದರೆ ಅದನ್ನೆಲ್ಲ ಮುಟ್ಟಿ ಮುಟ್ಟಿ ಸುಳ್ಳು ಕೂಗು ಹಾಕುತ್ತಿತ್ತು. ನಮ್ಮ ಬಿಡಿ ಚೂರುಗಳನ್ನು ರಕ್ತದಲ್ಲಿರುವ ಕಿಣ್ವಗಳು ದಾರಿಯಲ್ಲೇ ಕತ್ತರಿಸಿಹಾಕುತ್ತವೆ. ಬ್ಯಾಕ್ಟೀರಿಯಾ ತನ್ನ ಡಿಎನ್‌ಎಯನ್ನು ಗೋಡೆಯೊಳಗೆ ಕಟ್ಟಿಕೊಂಡು ಬರುವುದರಿಂದ ಅದು ಚೀಲದವರೆಗೂ ಇಡಿಯಾಗಿ ತಲುಪುತ್ತದೆ. ಲಸಿಕೆಯ 22 ಅಕ್ಷರಕ್ಕೆ ಗೋಡೆ ಇಲ್ಲವಲ್ಲ, ಅದು ಹೇಗೆ ತಲುಪಬೇಕು? ಅದಕ್ಕೇ ಅದರ ಬೆನ್ನೆಲುಬಿನಲ್ಲಿ ಒಂದು ಆಮ್ಲಜನಕದ ಜಾಗಕ್ಕೆ ಗಂಧಕ ಸೇರಿಸಿದ್ದಾರೆ. ಕಿಣ್ವಕ್ಕೆ ಕತ್ತರಿಸುವುದು ಕಷ್ಟ, ಹಾಗಾಗಿ ಚೀಲ ಸೇರುವಷ್ಟು ಹೊತ್ತು ಉಳಿಯುತ್ತದೆ. ತಯಾರಿಯಲ್ಲಿ ಎಷ್ಟು ಯೋಚನೆ ಹೋಗಿದೆ ನೋಡಿ.

ಈಗ ಲಸಿಕೆ ಹಾಕಿದ ದಿನ. ಬೆಳಗ್ಗೆ ಹನ್ನೊಂದಕ್ಕೆ ಚುಚ್ಚಿಸಿಕೊಂಡಳು. ಸಂಜೆ ಮನೆಗೆ ಬಂದಾಗ ಏನೂ ಇಲ್ಲ, ಕುಂಟೆಬಿಲ್ಲೆ ಆಡಿದಳು. ರಾತ್ರಿ ಊಟಕ್ಕೆ ಕೂತಾಗ ಎಡಗೈ ಎತ್ತಲು ನೋವು ಅಂದಳು. ನಾನು ಅಂಗೈ ಹಿಂಭಾಗದಿಂದ ಎರಡೂ ತೋಳು ಮುಟ್ಟಿ ನೋಡಿದೆ. ಬಲಗಡೆ ತಣ್ಣಗೆ. ಎಡಗಡೆ, ಚುಚ್ಚಿದ ಜಾಗದ ಸುತ್ತ ನಾಲ್ಕಾಣೆಯಷ್ಟು ಅಗಲ, ಬೆಚ್ಚಗೆ. ಒತ್ತಿದರೆ ಒಳಗೆ ಸ್ವಲ್ಪ ಗಟ್ಟಿ. ಹಿಂದಿನ ರಾತ್ರಿ ಓದಿದ್ದೆಲ್ಲ ಬೆರಳ ಕೆಳಗೇ ನಡೆಯುತ್ತಿತ್ತು. ಮುಳ್ಳಿನ ತುಣುಕು ಮತ್ತು ಆ ಎರಡು ಸಿಜಿ ಒಟ್ಟಿಗೇ ಒಳಗೆ ಹೋಗಿವೆ. ತುಣುಕು ಒಂದೇ ಹೋಗಿದ್ದರೆ ಕಣಗಳು ಅಷ್ಟಾಗಿ ಗಮನ ಕೊಡುತ್ತಿರಲಿಲ್ಲ. ಪಕ್ಕದಲ್ಲಿ ಬ್ಯಾಕ್ಟೀರಿಯಾದ ಕೈಬರಹ ಕಂಡದ್ದರಿಂದ, ಜೊತೆಯಲ್ಲಿ ಸಿಕ್ಕಿದ್ದನ್ನೂ ಗಟ್ಟಿಯಾಗಿ ನೆನಪಿಟ್ಟುಕೊಳ್ಳಲು ಹೊರಟಿವೆ.

ಜ್ವರ ಬರಲಿಲ್ಲ. ಮರುದಿನ ಶಾಲೆಗೆ ಹೋದಳು. ಮೂರನೇ ದಿನ ನೋವು ಪೂರ್ತಿ ಹೋಯಿತು. ಎರಡನೇ ಡೋಸಿಗೂ ಇಷ್ಟೇ. ನಮ್ಮನೆಯವರಿಗೆ ಒಂದು ರಾತ್ರಿ ಮೈಕೈ ನೋವು, ಬೆಳಗ್ಗೆ ಎದ್ದು ಮಂಡಿಗೆ ಹೋದರು. ಇಲ್ಲಿ ಒಂದು ಮಾತು: ಪಕ್ಕದ ಮನೆ ಹುಡುಗಿಗೆ ತೋಳು ನೋಯಲೇ ಇಲ್ಲ, ಅವಳ ಅಮ್ಮ ಲಸಿಕೆ ಹಿಡಿದಿಲ್ಲವೇನೋ ಅಂತ ಗಾಬರಿಯಾಗಿ ಬಂದರು. ನೋವಿಗೂ ಹಿಡಿಯುವುದಕ್ಕೂ ನೇರ ಲೆಕ್ಕ ಇಲ್ಲ. ನೋಯದವರಲ್ಲೂ ಪ್ರತಿಕಾಯ ಬರುತ್ತದೆ.

ಪುಟ್ಟಿಯ ಎಡತೋಳಿನ ಮೇಲೆ ಒಂದು ಹಳೆಯ ಕಲೆ ಇದೆ. ನನಗೂ ಇದೆ, ನಿಮ್ಮಲ್ಲಿ ಬಹಳ ಜನಕ್ಕೆ ಇರುತ್ತದೆ. ಹುಟ್ಟಿದಾಗ ಹಾಕಿದ ಬಿಸಿಜಿಯದು. ಈ ಸಿಪಿಜಿಯ ಕತೆ ಶುರುವಾಗಿದ್ದೇ ಆ ಬಿಸಿಜಿಯಿಂದ ಅಂತ ಓದಿದಾಗ ನನಗೆ ಮೈ ಜುಮ್ ಅಂದಿತು. ಬಿಸಿಜಿ ಕೆಲವು ಕ್ಯಾನ್ಸರ್ ಗೆಡ್ಡೆಗಳ ವಿರುದ್ಧವೂ ಕೆಲಸ ಮಾಡುತ್ತದೆ ಅಂತ ಮೊದಲೇ ಗೊತ್ತಿತ್ತು. ಅದರಲ್ಲಿರುವ ಯಾವ ವಸ್ತು ಅಂತ ಜಪಾನಿನಲ್ಲಿ ಟೊಕುನಾಗ ಅವರ ತಂಡ ಹುಡುಕುತ್ತಾ ಹೋಯಿತು. 1984ರಲ್ಲಿ ಅವರ ಕೈಗೆ ಸಿಕ್ಕಿದ್ದು ಬ್ಯಾಕ್ಟೀರಿಯಾದ ಡಿಎನ್‌ಎ. ಡಿಎನ್‌ಎ ಅಂದರೆ ಎಲ್ಲ ಜೀವಿಯಲ್ಲೂ ಇರುವ ವಸ್ತು, ಅದಕ್ಕೆ ದೇಹ ಯಾಕೆ ಕೆರಳಬೇಕು? ಆಮೇಲೆ 1995ರಲ್ಲಿ ಅಮೆರಿಕದ ಅಯೋವಾದಲ್ಲಿ ಆರ್ಥರ್ ಕ್ರೀಗ್ ಅವರ ತಂಡ ಗುಟ್ಟು ತಲೆಕಟ್ಟಿಲ್ಲದ ಸಿಜಿಯಲ್ಲಿದೆ ಅಂತ ತೋರಿಸಿತು. 2000ದಲ್ಲಿ ಒಸಾಕಾದ ಶಿಝುವೊ ಅಕಿರಾ ಅವರ ತಂಡ ಟಿಎಲ್‌ಆರ್ 9 ಇಲ್ಲದ ಇಲಿಗಳನ್ನು ಬೆಳೆಸಿ ನೋಡಿತು. ಬ್ಯಾಕ್ಟೀರಿಯಾದ ಡಿಎನ್‌ಎ ಕೊಟ್ಟರೂ ಆ ಇಲಿಗಳ ಕಣಗಳು ಸುಮ್ಮನಿದ್ದವು. ಹಿಡಿಯುವ ಕೈ ಯಾವುದು ಅಂತ ಹಾಗೆ ಗೊತ್ತಾಯಿತು. ಒಂದೇ ತೋಳಿನ ಮೇಲೆ ಎರಡು ಬೆರಳಗಲದ ಅಂತರದಲ್ಲಿ, ಮೇಲೆ ಬಿಸಿಜಿಯ ಕಲೆ, ಕೆಳಗೆ ಅದರಿಂದ ಕಲಿತ ಪಾಠದ ಸೂಜಿಗುರುತು.

ಇಷ್ಟು ಗೊತ್ತಾದ ಮೇಲೆ ನನ್ನ ಹಳೆಯ ಒಂದು ಅನುಮಾನಕ್ಕೂ ಉತ್ತರ ಸಿಕ್ಕಿತು. ತೆಂಗಿನ ಮರದಿಂದ ಬಿದ್ದವರನ್ನು ನಮ್ಮ ಕಡೆ ವರ್ಷಕ್ಕೆ ಕೆಲವರನ್ನಾದರೂ ನೋಡುತ್ತೇವೆ. ಒಬ್ಬರದು ನೆನಪಿದೆ. ತೊಡೆಯ ಮೂಳೆ ಮುರಿದಿತ್ತು, ಚರ್ಮ ಹರಿದಿರಲಿಲ್ಲ. ಮರುದಿನ ಟಿಸಿ, ಅಂದರೆ ಬಿಳಿ ಕಣದ ಒಟ್ಟು ಲೆಕ್ಕ, 17 ಸಾವಿರ ದಾಟಿತ್ತು, ಉರಿಯೂತ ತೋರಿಸುವ ಸಿಆರ್‌ಪಿ ಏರಿತ್ತು, ಮೈ ಬಿಸಿ. ಇನ್ಫೆಕ್ಷನ್ ಅಂತ, ಬ್ಯಾಕ್ಟೀರಿಯಾ ಬೆಳೆಯುತ್ತದಾ ನೋಡಲು ರಕ್ತದ ಕಲ್ಚರ್‌ಗೆ ಕಳಿಸಿದರು. ಐದು ದಿನ ಕಾದರೂ ಏನೂ ಬೆಳೆಯಲಿಲ್ಲ. ಬ್ಯಾಕ್ಟೀರಿಯಾನೇ ಇಲ್ಲದೆ ಇಷ್ಟು ಉರಿಯೂತ ಎಲ್ಲಿಂದ ಬಂತು? ನಮ್ಮ ಪ್ರತಿ ಜೀವಕೋಶದಲ್ಲೂ ಶಕ್ತಿ ಮಾಡುವ ಮೈಟೊಕಾಂಡ್ರಿಯ ಇದೆಯಲ್ಲ, ಅದರ ಪೂರ್ವಜ ಒಂದು ಬ್ಯಾಕ್ಟೀರಿಯಾ. ಅದಕ್ಕೆ ಇಂದಿಗೂ ಬೇರೆಯದೇ ಡಿಎನ್‌ಎ ಇದೆ, ಅದರ ಸಿಜಿಗಳು ಬ್ಯಾಕ್ಟೀರಿಯಾದವನ್ನೇ ಹೋಲುತ್ತವೆ. ಮಾಂಸ, ಮೂಳೆ ಜಜ್ಜಿದಾಗ ಅದು ರಕ್ತಕ್ಕೆ ಚೆಲ್ಲುತ್ತದೆ. ನ್ಯೂಟ್ರೋಫಿಲ್‌ಗಳು ಟಿಎಲ್‌ಆರ್ 9 ಮೂಲಕ ಅದನ್ನು ಹಿಡಿದು ಬ್ಯಾಕ್ಟೀರಿಯಾ ಬಂತು ಅಂತ ಏಳುತ್ತವೆ. 2010ರಲ್ಲಿ ಅಮೆರಿಕದ ಸಂಶೋಧಕರು ದೊಡ್ಡ ಗಾಯವಾದವರ ರಕ್ತದಲ್ಲಿ ಇದನ್ನು ತೋರಿಸಿದ್ದಾರೆ. ಎಷ್ಟೋ ಕೋಟಿ ವರ್ಷದ ಹಿಂದೆ ಮನೆಗೆ ಬಂದು ಉಳಿದವರ ಕೈಬರಹ ಇನ್ನೂ ಬದಲಾಗಿಲ್ಲ.

ಹಾಗಾದರೆ ಈ ದಾರಿಯನ್ನು ಬೇಕಂತಲೇ ಎಬ್ಬಿಸುವ ಲಸಿಕೆ ಹೆದರಬೇಕಾದದ್ದೇ? ಪ್ರಶ್ನೆ ಸರಿಯಾದದ್ದೇ. ಲೂಪಸ್ ಅನ್ನುವ ಕಾಯಿಲೆಯಲ್ಲಿ ಕಣಗಳು ತಮ್ಮದೇ ಡಿಎನ್‌ಎಗೆ ಹೀಗೆ ಕೆರಳುತ್ತವೆ. ಅದಕ್ಕೆ ಕೊಡುವ ಹೈಡ್ರಾಕ್ಸಿಕ್ಲೋರೋಕ್ವಿನ್ ಮಾತ್ರೆ ಆ ಚೀಲದ ಹುಳಿ ಕಮ್ಮಿ ಮಾಡುತ್ತದೆ, ಹಾಗಾಗಿ ಟಿಎಲ್‌ಆರ್ 9 ಕೆಲಸ ಕುಗ್ಗುತ್ತದೆ. 2020ರಲ್ಲಿ ಕೋವಿಡ್‌ಗೆ ಅಂತ ಎಲ್ಲರೂ ಅದೇ ಮಾತ್ರೆ ಕೊಂಡು ಇಟ್ಟುಕೊಂಡರು, ನಿಜವಾಗಿ ಬೇಕಾದವರಿಗೆ ಸಿಗದೆ ಒದ್ದಾಡಿದರು. ಅಂಥ ಕಾಯಿಲೆ ಇರುವವರು ಯಾವ ಲಸಿಕೆಗೂ ಮುಂಚೆ ತಮ್ಮ ಡಾಕ್ಟರನ್ನು ಕೇಳಲೇಬೇಕು. ಉಳಿದವರಿಗೆ ಇಲ್ಲಿರುವುದು ಅಳತೆ ಮಾಡಿದ ಪ್ರಮಾಣ, ಒಂದೇ ಜಾಗದಲ್ಲಿ, ಎರಡು ಮೂರು ದಿನ. ಆಮೇಲೆ ಆ ಎಳೆ ಒಡೆದು ಹೋಗುತ್ತದೆ.

ಇದೇ ಸಿಪಿಜಿ 1018 ಇನ್ನೊಂದು ಲಸಿಕೆಯಲ್ಲೂ ಇದೆ. ಅದರ ಬಗ್ಗೆ ನನಗೆ ಸ್ವಂತ ಆಸೆ ಇದೆ. ಲ್ಯಾಬ್‌ನವರಿಗೆ ಹೆಪಟೈಟಿಸ್ ಬಿ ಲಸಿಕೆ ಬೇಕೇ ಬೇಕು, ಸೂಜಿ ಕೈಗೆ ಚುಚ್ಚುವ ಅಪಾಯ ದಿನಾ ಇರುತ್ತದೆ. ನಾವು ಹಾಕಿಸಿಕೊಂಡದ್ದು ಮೂರು ಡೋಸ್, ಮೂರನೆಯದು ಆರು ತಿಂಗಳಿಗೆ. ಆ ಮೂರನೆಯದನ್ನು ಮರೆತವರು ನನ್ನ ಜೊತೆಯವರಲ್ಲೇ ಇದ್ದಾರೆ. ಅಮೆರಿಕದಲ್ಲಿ 2017ರ ನವೆಂಬರ್‌ನಲ್ಲಿ ಒಪ್ಪಿಗೆ ಪಡೆದ ಹೆಪ್ಲಿಸಾವ್ ಬಿ ಎರಡೇ ಡೋಸ್, ಒಂದೇ ತಿಂಗಳು. ಅದರ ದೊಡ್ಡ ಪರೀಕ್ಷೆಯಲ್ಲಿ ನೂರರಲ್ಲಿ 95 ಜನಕ್ಕೆ ರಕ್ಷಣೆ ಬಂತು, ಮೂರು ಡೋಸಿನ ಹಳೆಯ ಲಸಿಕೆಯಲ್ಲಿ 81. ಈ 22 ಅಕ್ಷರ ಸೇರಿದ್ದಕ್ಕೇ ಎರಡು ಡೋಸ್ ಸಾಕಾಯಿತು. ಸಕ್ಕರೆ ಕಾಯಿಲೆಯವರಿಗೆ ಹಳೆಯ ಲಸಿಕೆ ಸರಿಯಾಗಿ ಹಿಡಿಯುವುದಿಲ್ಲ, ಅವರಲ್ಲಿ ವ್ಯತ್ಯಾಸ ಇನ್ನೂ ಜಾಸ್ತಿ. ಬೆಳಗ್ಗೆ ನನ್ನ ಮುಂದೆ ಸಾಲಾಗಿ ಕೂರುವವರನ್ನು ನೋಡಿದರೆ ಇದು ಯಾಕೆ ಮುಖ್ಯ ಅಂತ ನನಗೆ ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಕಾರ್ಬೆವ್ಯಾಕ್ಸ್‌ಗೆ ಐದಕ್ಕೆ ನಾಲ್ಕೂವರೆ ಕೊಡುತ್ತೇನೆ. ಮಾಮೂಲಿ ಫ್ರಿಜ್‌ನ 2ರಿಂದ 8 ಡಿಗ್ರಿಯಲ್ಲೇ ಇಡಬಹುದು, ಹಳ್ಳಿಯ ಉಪಕೇಂದ್ರದವರೆಗೂ ತಲುಪಿತು. ಸರ್ಕಾರಕ್ಕೆ ಆಗ ಡೋಸಿಗೆ 145 ರೂಪಾಯಿ ಮತ್ತು ತೆರಿಗೆ ಬಿದ್ದಿತ್ತು. ಖಾಸಗಿಯಲ್ಲಿ ಮೊದಲು 990 ಇದ್ದದ್ದು 2022ರ ಮೇನಲ್ಲಿ 400ಕ್ಕೆ ಇಳಿಯಿತು. ಅರ್ಧ ಯಾಕೆ ಕಳೆದೆ ಅಂದರೆ, ಇದಕ್ಕೆ ಒಪ್ಪಿಗೆ ಸಿಕ್ಕಿದ್ದು ಪ್ರತಿಕಾಯ ಅಳೆದು, ಕೋವಿಶೀಲ್ಡ್ ಜೊತೆ ಹೋಲಿಸಿ. ಲಸಿಕೆ ಹಾಕಿದವರಲ್ಲಿ ಎಷ್ಟು ಜನಕ್ಕೆ ಕಾಯಿಲೆ ತಪ್ಪಿತು ಅಂತ ಸಾವಿರಾರು ಜನರಲ್ಲಿ ಎಣಿಸಿದ ಪರೀಕ್ಷೆ ಒಪ್ಪಿಗೆಗೆ ಮುಂಚೆ ಆಗಿರಲಿಲ್ಲ. ಹಳೆಯ ವೈರಸ್ಸಿನ ತುಣುಕು ಇರುವ ಎಲ್ಲ ಲಸಿಕೆಗಳ ಹಾಗೆ, ಒಮಿಕ್ರಾನ್ ಬಂದ ಮೇಲೆ ಸೋಂಕು ತಡೆಯುವ ಕೆಲಸ ಇದಕ್ಕೂ ಕಷ್ಟವಾಯಿತು. ಇದನ್ನು ಹೇಳದೆ ಬಿಟ್ಟರೆ ವಿಮರ್ಶೆ ಪ್ರಾಮಾಣಿಕ ಆಗುವುದಿಲ್ಲ.

ಪುಟ್ಟಿ ಈಗ ಪಿಯುಸಿ, ಜೀವಶಾಸ್ತ್ರ ತೆಗೆದುಕೊಂಡಿದ್ದಾಳೆ. ಕಳೆದ ಭಾನುವಾರ ಲ್ಯಾಬ್‌ಗೆ ಕರೆದುಕೊಂಡು ಹೋಗಿ ಅವಳದೇ ಬೆರಳಿನಿಂದ ಒಂದು ಹನಿ ತೆಗೆದು ಸ್ಲೈಡ್ ಎಳೆಸಿದೆ. ಮೊದಲ ಎರಡು ದಪ್ಪಗಾದವು, ಮೂರನೆಯದು ಚೆನ್ನಾಗಿ ಬಂತು. ನೂರು ಕಣ ಎಣಿಸಿದಳು. ನ್ಯೂಟ್ರೋಫಿಲ್ 58, ಲಿಂಫೋಸೈಟ್ 34, ಇಯೊಸಿನೊಫಿಲ್ 5, ಮೊನೊಸೈಟ್ 3. ಮೆಷಿನ್ ಕೊಟ್ಟ ಲೆಕ್ಕಕ್ಕೆ ಬಹಳ ಹತ್ತಿರ.

"ಇದರಲ್ಲಿ ಪಿಡಿಸಿ ಯಾವುದಮ್ಮ?"

"ಈ ಸ್ಟೇನ್‌ನಲ್ಲಿ ಗೊತ್ತಾಗಲ್ಲ ಪುಟ್ಟಿ. ಆ 34ರಲ್ಲೇ ಒಂದಿದ್ದರೂ ಇರಬಹುದು."

ಅವಳು ಇನ್ನೊಂದು ತೊಟ್ಟು ಎಣ್ಣೆ ಹಾಕಿ, ಲಿಂಫೋಸೈಟ್‌ಗಳನ್ನು ಮೊದಲಿನಿಂದ ಒಂದೊಂದಾಗಿ ನೋಡಲು ಶುರು ಮಾಡಿದಳು.